ಕಲ್ಲಕ್ಕ

ಅವಳಿಗೆ ಕಲ್ಲಕ್ಕ ಎಂದು ಹೆಸರಿಟ್ಟವರು ಆಸ್ಪತ್ರೆಯ ಆಯಾಗಳು. ಸುಟ್ಟ ಗಾಯಕ್ಕೆ ಅಂಟಿದ ಪಟ್ಟಿಯನ್ನು ಬಿಡಿಸುವಾಗ ರೋಗಿ ಎಷ್ಟೇ ಕಿರುಚಾಡಲಿ, ಅವಳ ಕೈ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ಇಪ್ಪತ್ತನಾಲ್ಕಕ್ಕೇ ಇಷ್ಟು ಗಟ್ಟಿಯಾದ ನರ್ಸನ್ನು ತಾವು ನೋಡಿಲ್ಲವೆಂದು ಡಾಕ್ಟರು ಹೊಗಳುತ್ತಿದ್ದರು. ಅವಳು ಮುಖ ತಗ್ಗಿಸಿ ಕತ್ತರಿ ತೊಳೆಯುತ್ತಿದ್ದಳು.

ಆ ಗಟ್ಟಿತನ ಅಪ್ಪ ಕಲಿಸಿದ್ದು. ಕಿಟಕಿಗಳಿಗೆ ಗಾಜು ಕೂರಿಸುವುದು ಅವನ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡನೇ ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಮನೆಯೊಳಗೆ ಸದ್ದೆಂದರೆ ಆಗದು. ನಕ್ಕರೆ ತಪ್ಪು, ಓಡಿದರೆ ತಪ್ಪು, ಅತ್ತರಂತೂ ಮುಗಿದೇ ಹೋಯಿತು. ಅವನು ಕೂಗಾಡುವವನಲ್ಲ, ಕೈ ಎತ್ತುವವನೂ ಅಲ್ಲ. ಅಂಚು ಉಜ್ಜಿರದ ಗಾಜಿನ ಹಾಳೆಯೊಂದನ್ನು ಮಗಳ ಎರಡೂ ಅಂಗೈಗಳ ಮೇಲೆ ನಿಲ್ಲಿಸಿ, "ನಾನು ಹೇಳೋವರೆಗೂ ಹಿಡ್ಕೊಂಡಿರು" ಎಂದು ತನ್ನ ಕೆಲಸಕ್ಕೆ ಕೂರುತ್ತಿದ್ದ. ಕೈ ನಡುಗಿದರೆ ಅಂಚು ಒಳಗಿಳಿಯುತ್ತಿತ್ತು. ನಡುಗದಿರುವುದನ್ನು ಅವಳು ಏಳನೇ ವಯಸ್ಸಿಗೇ ಕಲಿತಳು.

ತಂಗಿ ತಪ್ಪು ಮಾಡಿದಾಗಲೂ ಅವಳೇ ಮುಂದೆ ಬರುತ್ತಿದ್ದಳು.

"ಅವಳು ಚಿಕ್ಕೋಳಪ್ಪಾ. ನಾನೇ ಹಿಡ್ಕೋತೀನಿ."

"ಸರಿ. ಇಬ್ಬರ ಪಾಲೂ ನಿನಗೇ ಇರಲಿ."

ಗಾಜು ಕೊಳ್ಳಲು ಬಂದ ಪಕ್ಕದ ಮನೆಯಾಕೆ ಒಮ್ಮೆ ಅವಳು ಹಾಗೆ ನಿಂತಿರುವುದನ್ನು ಕಂಡು, "ಎಷ್ಟು ಶಿಸ್ತಿನ ಹುಡುಗಿ! ನಮ್ಮನೆಯವೂ ಇದ್ದಾವೆ, ಕೋತಿಗಳು!" ಎಂದು ಮೆಚ್ಚಿಕೊಂಡು ಹೋದಳು.

ಹೋದ ವರ್ಷ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು, ಎಲ್ಲವೂ ಒಂದೇ ಬೆಳಗ್ಗೆ ಹೋದವು. ಮಂಚವನ್ನು ನಡುಮನೆಗೆ ಹಾಕಿದರು. ಹದಿನೇಳರ ತಂಗಿಗೆ ರೆಕ್ಕೆ ಬಂದಂತಾಯಿತು. ಒಂದು ಮಧ್ಯಾಹ್ನ ಕಲ್ಲಕ್ಕ ಡ್ಯೂಟಿ ಮುಗಿಸಿ ಬರುವಾಗ ಬೀದಿಗೇ ಕೇಳುವ ಹಾಗೆ ರೇಡಿಯೋ ಕೂಗುತ್ತಿತ್ತು, ತಂಗಿ ಗೆಳತಿಯೊಡನೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಆರಿಸು ಅದನ್ನ."

"ಯಾಕಕ್ಕಾ? ಅಪ್ಪಂಗೆ ಇನ್ನೇನು ಮಾಡೋಕಾಗುತ್ತೆ? ನೀನೂ ಒಂದ್ಸಲ ನಕ್ಕು ನೋಡು, ಜೀವವೇನೂ ಹೋಗಲ್ಲ."

ಕಲ್ಲಕ್ಕ ಕೆನ್ನೆಗೆ ಬಾರಿಸಿದಳು. ಮತ್ತೊಂದು, ಅದೇ ಜಾಗಕ್ಕೆ. ಗೆಳತಿ ಚಪ್ಪಲಿಯನ್ನೂ ಬಿಟ್ಟು ಓಡಿದಳು. ತಂಗಿಯ ಕಿವಿಯಿಂದ ರಕ್ತದ ಎಳೆಯೊಂದು ಕುತ್ತಿಗೆಗೆ ಇಳಿಯಿತು. ತಪ್ಪಾಯಿತೆಂದು ಅನ್ನಿಸುವ ಮೊದಲು ಕಲ್ಲಕ್ಕನಿಗೆ ಒಳಗೆಲ್ಲೋ ಹಾಯೆನಿಸಿತ್ತು. ಅದು ಅವಳಿಗೂ ಗೊತ್ತಾಯಿತು. ಮಂಚದ ಮೇಲೆ ಅಪ್ಪನ ಅರ್ಧ ಬಾಯಿ ಮೇಲಕ್ಕೆದ್ದು ಗೊರಗೊರ ಸದ್ದು ಹೊರಟಿತು. ಅವನು ನಗುತ್ತಿದ್ದ.

ಅವಳು ಹತ್ತಿ ತಂದು ರಕ್ತ ಒರೆಸಿದಳು. ತಂಗಿ ಒರೆಸಲು ಬಿಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು:

"ಅಪ್ಪ ಯಾವತ್ತೂ ನನ್ನನ್ನ ಮುಟ್ಟಿರಲಿಲ್ಲ, ಅಕ್ಕಾ. ನೀನು ಬಿಟ್ಟಿರಲಿಲ್ಲ."

ಅಂದು ಸಂಜೆಯೇ ತಂಗಿ ಚಿಕ್ಕಮ್ಮನ ಮನೆಗೆ ಹೊರಟುಹೋದಳು. ಕಿವಿಯ ತಮಟೆ ಹರಿದಿದೆ, ಆ ಕಡೆ ಇನ್ನು ಕೇಳಿಸುವುದು ಅನುಮಾನ ಎಂದು ಡಾಕ್ಟರು ಹೇಳಿದ್ದು ಕಲ್ಲಕ್ಕನಿಗೆ ಬೇರೆಯವರ ಬಾಯಿಂದ ತಿಳಿಯಿತು. ಎರಡು ಸಲ ಅಲ್ಲಿಗೆ ಹೋದಳು. ಎರಡನೇ ಸಲ ಚಿಕ್ಕಮ್ಮ ಬಾಗಿಲಲ್ಲೇ ನಿಂತು, "ಅವಳು ಬರಲ್ಲವಂತೆ ಕಣೇ. ನೀನೂ ಬರಬೇಡ" ಎಂದಳು.

"ಆಯ್ತು ಚಿಕ್ಕಮ್ಮ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅಳಬೇಕೆಂದುಕೊಂಡಳು. ಹೇಗೆ ಶುರುಮಾಡುವುದೆಂದೇ ತಿಳಿಯಲಿಲ್ಲ. ಮನೆಗೆ ಬಂದು, ಕೈತೊಳೆದು, ಅಪ್ಪನಿಗೆ ಒಂದೊಂದೇ ಚಮಚ ಗಂಜಿ ಕುಡಿಸಿದಳು. ಒಂದು ತೊಟ್ಟೂ ಚೆಲ್ಲಲಿಲ್ಲ.