ತೇನೆಹಕ್ಕಿ ಹೊಲ

ಚಿನ್ನೂ, ಪುಟ್ಟೀ, ನಮ್ಮ ಹೊಲಗಳನ್ನು ನೀವು ಸರ್ವೆ ನಂಬರಿನಿಂದ ಗುರುತಿಸುತ್ತೀರಿ. ನಮ್ಮ ಕಾಲದಲ್ಲಿ ಅವಕ್ಕೆ ಹೆಸರುಗಳಿದ್ದವು. ಬಸರಿಮರದ ಹೊಲ, ಕಲ್ಲುಮಾಳ, ಹೀಗೆ. ಹಳ್ಳದಾಚೆಯ ಮೂರು ದಿಣ್ಣೆ ಹೊಲಗಳಲ್ಲಿ ಒಂದಕ್ಕೆ ಮಾತ್ರ ನಿಮ್ಮ ತಾತನ ತಾತನ ಹೆಸರು. ಅದೇ ಹೆಸರನ್ನು ನಿಮ್ಮ ತಾತನಿಗೂ ಇಟ್ಟಿದ್ದರು. ಗಂಡನ ಹೆಸರನ್ನು ನಾವು ಬಾಯಲ್ಲಿ ಹೇಳುವಂತಿರಲಿಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮತ್ತೆ ಬೇಕೆಂದೇ, "ಬುತ್ತಿ ಯಾವ ಹೊಲಕ್ಕೆ ತಗೊಂಡೋಗ್ತೀಯೇ, ಹೇಳು ನೋಡಾನ" ಎಂದು ಕೇಳಿ ನಗುತ್ತಿದ್ದರು. ಒಮ್ಮೆ ನಾಚಿಕೊಂಡು, ಅಲ್ಲಿ ಕೂಗುವ ಹಕ್ಕಿಯ ನೆನಪಾಗಿ, "ತೇನೆಹಕ್ಕಿ ಹೊಲಕ್ಕೆ" ಎಂದೆ. ನನ್ನೊಬ್ಬಳ ಬಾಯಲ್ಲಿ ಅದೇ ಹೆಸರು ಉಳಿಯಿತು.

ತೇನೆಹಕ್ಕಿ ಗೂಡು ಕಟ್ಟುವುದಿಲ್ಲ. ಬರಿ ನೆಲದ ಮೇಲೆ, ಬೆಣಚುಕಲ್ಲುಗಳ ನಡುವೆ, ಮಣ್ಣಿನ ಬಣ್ಣದ ನಾಲ್ಕು ಮೊಟ್ಟೆ ಇಡುತ್ತದೆ. ದಿಣ್ಣೆಯ ಮೇಲಿಟ್ಟರೆ ಒಳ್ಳೆಯ ಮಳೆ, ತಗ್ಗಿನಲ್ಲಿಟ್ಟರೆ ಕಡಿಮೆ ಎಂದು ನಿಮ್ಮ ತಾತ ನಂಬಿದ್ದರು. ಮೊಟ್ಟೆಯ ಪಕ್ಕ ಎಕ್ಕದ ಕೊಂಬೆ ನೆಟ್ಟು, ಮೊರದಗಲ ಜಾಗ ಬಿಟ್ಟು ಉಳುತ್ತಿದ್ದರು. ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ, "ಈ ಸಲ ಕೊಂಬೆ ನೀನೇ ನೆಡು ಕಣೇ" ಅಂದಿದ್ದರು.

ಅವರು ಹೋದ ಮೇಲಿನ ಮೊದಲ ಮುಂಗಾರು. ಮೊಟ್ಟೆ ದಿಣ್ಣೆಯ ಮೇಲೇ ಇದ್ದವು. ಕೊಂಬೆ ನಾಳೆ ನೆಟ್ಟರಾಯಿತೆಂದು ಮನೆಗೆ ಬಂದೆ. ಬೆಳಗಾಗುತ್ತಲೇ ಟ್ರಾಕ್ಟರಿನವನು ಬಾಗಿಲಲ್ಲಿದ್ದ. ಸಿ.ಎಸ್. ಪುರದ ಕಡೆಯವನು, ನಮ್ಮ ಹೊಲಗಳು ಗೊತ್ತಿಲ್ಲದವನು.

"ತೇನೆಹಕ್ಕಿ ಹೊಲ್ದಾಗೆ ಮೊಟ್ಟೆ ಅವೆ ಕಣಪ್ಪ, ಅದೊಂದ ಇವತ್ತು ಬುಡು."

"ಅದ್ಯಾವ್ದಜ್ಜಿ? ಹಳ್ಳದಾಚೆ ದಿಣ್ಣೆ ಮ್ಯಾಲೆ ನಿಮ್ವು ಮೂರವಂತೆ, ಮೂರರ ಹೆಸರೂ ಊರಾಗೆ ಕೇಳ್ಕಂಡು ಬಂದೀನಿ. ಹೆಸರೇಳು."

ನಾಲಿಗೆ ಹೊರಳಲಿಲ್ಲ. "ಅದೇ, ಹಕ್ಕಿ ಕೂಗ್ತದಲ್ಲ, ಅದು."

"ಹಕ್ಕಿ ಎಲ್ಲಾರ ಹೊಲ್ದಾಗೂ ಕೂಗ್ತವೆ ಬುಡಜ್ಜಿ!" ಎಂದು ನಕ್ಕು ಹೊರಟೇಬಿಟ್ಟ.

ಕೊಂಬೆ ಮುರಿದುಕೊಂಡು ಹಿಂದೆಯೇ ನಡೆದೆ. ನಾನು ಹಳ್ಳ ದಾಟುವಷ್ಟರಲ್ಲಿ ದಿಣ್ಣೆ ಉತ್ತಾಗಿತ್ತು. ಗಂಡುಹಕ್ಕಿ ಮೇಲೆ ಸುತ್ತುತ್ತ ಅರಚುತ್ತಿತ್ತು. ಹೆಣ್ಣು ಉತ್ತ ಸಾಲುಗಳಲ್ಲಿ ಓಡಾಡಿ ಹುಡುಕುತ್ತಿತ್ತು. ಹೊತ್ತೇರುವವರೆಗೂ ಬದುವಿನ ಮೇಲೆ ಕೂತಿದ್ದೆ. ಟ್ರಾಕ್ಟರಿನವನನ್ನು ಬೈಯುವಂತಿರಲಿಲ್ಲ. ಅವರೇ ಇಲ್ಲದ ಮೇಲೆ ಒಂದು ಸಲ ಹೆಸರು ಹೇಳಿದ್ದರೆ ಯಾರೇನು ಅನ್ನುತ್ತಿದ್ದರು?

ಆ ವರ್ಷ ಮಳೆ ಚೆನ್ನಾಗಿಯೇ ಆಯಿತು, ರಾಗಿಯೂ ಬಂತು. ಹಕ್ಕಿ ಮಾತ್ರ ಆ ಹೊಲದಲ್ಲಿ ಮತ್ತೆ ಮೊಟ್ಟೆ ಇಟ್ಟಿಲ್ಲ.

ಶಾಲೆಯ ಫಾರಂಗಳಲ್ಲಿ ತಾತನ ಹೆಸರನ್ನು ನೀವು ಸಲೀಸಾಗಿ ಬರೆಯುತ್ತೀರಿ. ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ಎಲ್ಲ ಹೊಲಗಳ ಹೆಸರನ್ನೂ, ಅದನ್ನೂ ಸೇರಿಸಿ, ಈ ಕೊನೆಯ ಹಾಳೆಯ ಹಿಂದೆ ಬರೆದಿದ್ದೇನೆ. ಉಳಲು ಬಂದವರಿಗೆ ನೀವಾದರೂ ಗಟ್ಟಿಯಾಗಿ ಹೇಳಿ. ಹೆಸರುಗಳು ನಿಮಗೆ ಬಾಯಿಪಾಠವಾಗುವವರೆಗೆ ಈ ಹಾಳೆಗಳು ಹರಿಯದಂತೆ, ನೆನೆಯದಂತೆ ನೋಡಿಕೊಳ್ಳಿ ಮಕ್ಕಳೇ.