ಅಡಿಗೆಕೋಣೆ ಹಿಂದಿನ ಮಣ್ಣು

ಆಗ ನನಗೆ ಎಪ್ಪತ್ತೆರಡು. ಈಗಕ್ಕೆ ಮೂರು ವರ್ಷವಾಯಿತು. ಮೊಮ್ಮಗಳು ಪುತ್ತೂರಿನಲ್ಲಿ ಸಿವಿಲ್ ಇಂಜಿನಿಯರಿಂಗಿಗೆ ಸೇರಿ ಕೆಲವೇ ತಿಂಗಳಾಗಿತ್ತು. ಮುಂದೆ ಯಾವುದನ್ನು ಹೆಚ್ಚು ಕಲಿಯುವುದು, ಕಟ್ಟಡವೋ, ರಸ್ತೆಯೋ, ನೀರೋ, ಮಣ್ಣೋ ಎಂದು ಬರೆದು ಮನೆಯವರ ಸಹಿ ಹಾಕಿಸಿ ತರಲು ಕಾಲೇಜಿನವರು ಒಂದು ಕಾಗದ ಕೊಟ್ಟಿದ್ದರು.

ಅವಳ ಅಪ್ಪ, ನನ್ನ ದೊಡ್ಡ ಮಗ, ಸತ್ತಿದ್ದಾನೆ. ಸಹಿ ಹಾಕುವವನು ಸಣ್ಣ ಮಗ. ಅವನದ್ದು ಜೆಸಿಬಿ ಉಂಟು, ಮನೆ ಕಟ್ಟಿಸುವ ಕಂಟ್ರಾಕ್ಟೂ ಉಂಟು. ಕಟ್ಟಡ ಎಂದು ಬರೆದರೆ ಮಾತ್ರ ಸಹಿ ಎಂದ. ಎಂದೂ ಏನೂ ತಾರದವನು ಆ ದಿನ ಅವಳಿಗೆ ಕಲ್ಲುಗುಂಡಿ ಪೇಟೆಯಿಂದ ಪಪ್ಸ್ ಬೇರೆ ತಂದಿದ್ದ. ಆಗಲೇ ನನಗೆ ಸಂಶಯ ಬಂತು. ನಾಳೆ ಅವನ ನಕ್ಷೆಗಳಿಗೆ ಕಣ್ಣು ಮುಚ್ಚಿ ಸಹಿ ಮಾಡಲು ಮನೆಯಲ್ಲೇ ಒಬ್ಬಳು ಬೇಕು, ಅಷ್ಟೆ.

ಹುಡುಗಿಯನ್ನೂ ನಾನು ನಂಬಲಿಲ್ಲ. ಅವಳಿಗೆ ಮಣ್ಣೇ ಬೇಕಂತೆ. ಮಣ್ಣಿನಲ್ಲಿ ಕಲಿಯಲು ಎಂತ ಉಂಟು? ಕ್ಲಾಸಿನ ಯಾವನೋ ತಲೆಗೆ ತುಂಬಿಸಿರಬೇಕು. ಸಂಜೆ ಅವಳು ಸ್ನಾನಕ್ಕೆ ಹೋದಾಗ ಚೀಲ ಹುಡುಕಿದೆ. ಹುಡುಗನ ಫೋಟೊ ಸಿಗಲಿಲ್ಲ, ಪೇಪರಿನಲ್ಲಿ ಕಟ್ಟಿದ ನಾಲ್ಕು ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ನಮ್ಮ ಅಡಿಗೆಕೋಣೆ ಹಿಂದಿನ ಹಳದಿ ಮಣ್ಣು. ಮಾಟ ಮಾಡಿಸುವವರು ಮನೆಯ ಮಣ್ಣು ಒಯ್ಯುತ್ತಾರೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅವಳಿಗೆ ತಲೆ ಒರೆಸಲೂ ಬಿಡದೆ, ಯಾರಿಗೆ ಕೊಡಲಿಕ್ಕೆ ಎಂದು ಕೇಳಿದೆ.

"ಮಾಟಕ್ಕೆ ಹೊರಗಿನವರು ಎಂತಕ್ಕೆ ಅಜ್ಜಿ, ನೀವೇ ಸಾಕಲ್ಲ," ಅಂದಳು.

ಕಾಲೇಜಿನಲ್ಲಿ ತೋರಿಸಲಿಕ್ಕೆ ತೆಗೆದದ್ದಂತೆ. ಒಂದು ಗ್ಲಾಸಿನಲ್ಲಿ ನೀರು ತಂದು ಆ ಮಣ್ಣಿನ ಒಂದು ಉಂಡೆ ಹಾಕಿದಳು. ಬೆಲ್ಲದ ಹಾಗೆ ಕರಗಿ ತಳಕ್ಕೆ ಕೂತಿತು. ಅವಳ ಪೊಟ್ಟಣದಲ್ಲಿ ಏನು ಬೆರೆಸಿದ್ದಾಳೋ ಎಂದು ನಾನೇ ಅಡಿಗೆಕೋಣೆ ಹಿಂದಕ್ಕೆ ಹೋದೆ. ಮನೆಗೆ ಜಾಗ ಮಾಡಲು ಗುಡ್ಡ ಕಡಿದಾಗ ನಿಂತ ಮಣ್ಣಿನ ಗೋಡೆ ಅಲ್ಲಿ ಎರಡಾಳು ಎತ್ತರ ಉಂಟು. ಬರೆ ಅನ್ನುತ್ತೇವೆ ಅದಕ್ಕೆ. ಅದರಿಂದ ಒಂದು ಉಂಡೆ, ಅಂಗಳದ ಬದಿಯಿಂದ ಒಂದು ಉಂಡೆ ಕಿತ್ತು ತಂದು ಬೇರೆ ಬೇರೆ ಗ್ಲಾಸಿಗೆ ಹಾಕಿದೆ. ಅಂಗಳದ್ದು ಕರಗದೆ ಹಾಗೇ ಕೂತಿತು. ಬರೆಯದ್ದು ನಾನು ಎಲೆಯಡಿಕೆ ಬಾಯಿಗೆ ಹಾಕುವಷ್ಟರಲ್ಲಿ ರಾಡಿ.

"ಈ ಬರೆ ಕಡಿದದ್ದು ಯಾರು ಅಜ್ಜಿ?"

"ನಿನ್ನ ಚಿಕ್ಕಪ್ಪ."

"ಮತ್ತೆ ಮಣ್ಣು ಕಲಿ ಅಂತ ಅವರು ಹೇಳ್ತಾರಾ?"

ನನ್ನ ಮಗ ಸುಳ್ಳ ಎಂದು ನಾನು ಹೇಳಬಹುದು, ಅವಳು ಹೇಳುವುದು ಬೇಡ. ಕಡಿದ ವರ್ಷವೇ ನಾನು ಅವನಿಗೆ ಕೇಳಿದ್ದೆ, ಮಳೆಗೆ ಈ ಬರೆ ನಿಲ್ಲುತ್ತದಾ ಎಂದು. ಕಲ್ಲಿನ ಹಾಗೆ ಉಂಟು ಅಮ್ಮ, ಸುಮ್ಮನೆ ಕೂತ್ಕೊಳ್ಳಿ ಎಂದಿದ್ದ.

ಮರುದಿನ ಬೆಳಿಗ್ಗೆ, ಅವನು ಏಳುವ ಮೊದಲು, ಅವಳು ಮಣ್ಣು ಎಂದು ಬರೆದ ಕಾಗದದ ಅಡಿಯಲ್ಲಿ ನಾನೇ ಸಹಿ ಹಾಕಿದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ಗೆರೆ ಬಿಟ್ಟು ಹೋಯಿತು. ಅವಳನ್ನು ಮೊದಲ ಬಸ್ಸಿಗೆ ಕಳಿಸಿ, ಗ್ಯಾಸ್ ಸ್ಟೌ, ಅಕ್ಕಿ ಡಬ್ಬ, ಪಾತ್ರೆ ಎಲ್ಲ ಬರೆಯ ಬುಡದ ಅಡಿಗೆಕೋಣೆಯಿಂದ ಒಂದೊಂದಾಗಿ ಎತ್ತಿ ಎದುರಿನ ಜಗಲಿಗೆ ತಂದು, ಅಲ್ಲೇ ಗಂಜಿಗೆ ನೀರಿಟ್ಟೆ.