ಎಡಗೆನ್ನೆಯ ಹುಣ್ಣು

ಹರಿದ ಸೋಫಾಗಳಿಗೆ ಹೊಸ ಬಟ್ಟೆ ಹೊದಿಸುವುದು ಅವನ ಕೆಲಸ. ಬೀದಿಯವರು ಸೋಫಾ ಮೇಸ್ತ್ರಿ ಅನ್ನುತ್ತಿದ್ದರು. ಒಂದು ಕೈ ಬಟ್ಟೆ ಎಳೆದು ಹಿಡಿಯಬೇಕು, ಇನ್ನೊಂದರಲ್ಲಿ ಸುತ್ತಿಗೆ. ಮೂರನೆಯ ಕೈ ದೇವರು ಕೊಡಲಿಲ್ಲವಾದ್ದರಿಂದ ಸಣ್ಣ ಮೊಳೆಗಳನ್ನು ಕೆನ್ನೆಯೊಳಗೆ ತುಂಬಿಕೊಳ್ಳುತ್ತಿದ್ದ. ನಾಲಿಗೆ ಒಂದೊಂದನ್ನೇ ತಿರುಗಿಸಿ ತುಟಿಗೆ ತಂದು ಕೊಡುತ್ತಿತ್ತು. ಇನ್ನೊಂದು ಕೆನ್ನೆಯಲ್ಲಿ ಹೊಗೆಸೊಪ್ಪು.

“ನಿಮ್ಮದು ಬಾಯಲ್ಲ, ಉಗ್ರಾಣ,” ಎಂದು ಹೆಂಡತಿ ರೇಗಿಸುತ್ತಿದ್ದಳು.

ಬಾಯಲ್ಲಿ ಹುಣ್ಣಾದಾಗ ಅವನು ತಲೆ ಕೆಡಿಸಿಕೊಳ್ಳಲಿಲ್ಲ. “ಮೊಳೆ ಚುಚ್ಚಿದೆ ಕಣೇ. ನಮ್ಮ ಕಸುಬಲ್ಲಿ ಇದ್ದದ್ದೇ.”

ಹಿಂದೆಯೂ ಚುಚ್ಚಿತ್ತು, ನಾಲ್ಕು ದಿನಕ್ಕೆ ಮಾಯ್ದಿತ್ತು. ಇದು ಮಾಯಲಿಲ್ಲ. ನೋವೂ ಇರಲಿಲ್ಲ. ನೋವಿಲ್ಲದ್ದಕ್ಕೆ ಡಾಕ್ಟರೇಕೆ ಅಂದ. ಬೇಸಿಗೆ ಕಳೆಯಿತು. ಖಾರ ತಾಕಿದರೆ ಉರಿಯತೊಡಗಿತು. ಅವಳು ಸಪ್ಪೆ ಅಡಿಗೆ ಮಾಡಿದಳು. ಬಾಯಿ ಪೂರ್ತಿ ತೆರೆಯದಾಯಿತು. ತುತ್ತು ಚಿಕ್ಕದು ಮಾಡಿದಳು.

ಒಂದು ಮಧ್ಯಾಹ್ನ ಊಟಕ್ಕೆ ಏಳುವಾಗ ಉಳಿದ ಮೊಳೆಗಳನ್ನು ಅವಳ ಅಂಗೈಗೆ ಉಗಿದ. ಅವಳು ನೋಡುತ್ತಲೇ ನಿಂತಳು.

“ರೀ, ಮೊಳೆ ಯಾವಾಗ್ಲೂ ಬಲಗಡೆನೇ ಅಲ್ವಾ ಇಟ್ಕೊಳ್ಳೋದು?”

“ಹೂಂ. ಎಡಗಡೆ ಸೊಪ್ಪಿಗೆ.”

“ಹುಣ್ಣಿರೋದು ಎಡಗಡೆ.”

ಅವನು ಊಟಕ್ಕೆ ಕೂರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಟಾರ್ಚ್ ಬಿಟ್ಟು ನೋಡಿ, ದವಡೆಯ ಕೆಳಗೆ ಎದ್ದಿದ್ದ ಗಂಟನ್ನು ಬೆರಳಿಂದ ಒತ್ತಿದರು. ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬಂತು.

“ಎರಡು ಮೂರು ವಾರಕ್ಕೆ ವಾಸಿಯಾಗದ ಹುಣ್ಣು, ನೋವಿರ್ಲಿ ಬಿಡ್ಲಿ, ತೋರಿಸ್ಬೇಕಮ್ಮ. ಆಗಲೇ ಬಂದಿದ್ರೆ ಸುಲಭ ಇತ್ತು.”

ಅರ್ಧ ದವಡೆ ತೆಗೆದರು. ಆಮೇಲೆ ಆ ಬಾಯಲ್ಲಿ ಮೊಳೆಯಿರಲಿ, ನೀರೂ ನಿಲ್ಲುತ್ತಿರಲಿಲ್ಲ. ಅವಳು ಚಮಚದಲ್ಲಿ ಗಂಜಿ ಬಿಡುವಳು, ಟವೆಲಿನಲ್ಲಿ ಒರೆಸುವಳು. ಮುಂದಿನ ಬೇಸಿಗೆಯನ್ನು ಅವನು ಕಾಣಲಿಲ್ಲ.

ಅಂಗಡಿಗೆ ಮೈದುನ ಬಂದು ಕೂತ. ಕೆಲಸ ಕಲಿತದ್ದು ಅಣ್ಣನ ಹತ್ತಿರವೇ. ಒಂದು ಬೆಳಿಗ್ಗೆ ಅವನಿಗೆ ಕಾಫಿ ಒಯ್ದವಳು ಕಂಡಳು: ಮೊಳೆ ಬಲಗೆನ್ನೆಗೆ, ಸೊಪ್ಪು ಎಡಕ್ಕೆ. ಲೋಟ ಕೆಳಗಿಟ್ಟು ಒಳಗೆ ಹೋಗಿ ಟಾರ್ಚ್ ತಂದಳು.

“ಎಲ್ಲಾ ಉಗಿದು ಬಾಯಿ ತೆಗಿ.”

“ನಾನೇನು ಮಾರೋಕಿಟ್ಟ ಎತ್ತಾ ಅತ್ತಿಗೆ, ಹಲ್ಲು ನೋಡೋಕೆ?”

“ಎತ್ತಾಗಿದ್ರೆ ಮಾತಾಡದೆ ತೆಗೀತಿತ್ತು.”

ಎಡಗೆನ್ನೆಯ ಒಳಗೆ, ಸೊಪ್ಪು ಕೂರುವ ಜಾಗದಲ್ಲೇ, ಸುಣ್ಣ ಬಳಿದಂಥ ಬಿಳಿ ಮಚ್ಚೆ. ಸೆರಗಿನ ತುದಿಯಿಂದ ಒರೆಸಿದಳು. ಹೋಗಲಿಲ್ಲ.

“ನೋವೇನಿಲ್ಲ ಅತ್ತಿಗೆ.”

“ನಿಮ್ಮಣ್ಣನಿಗೂ ಇರ್ಲಿಲ್ಲ.”

ಅವನು ಅರ್ಧ ಬಟ್ಟೆ ಹೊದಿಸಿದ ಸೋಫಾದ ಕಡೆ ನೋಡಿದ. “ಸಂಜೆ ಗಿರಾಕಿ ಬರ್ತಾರಲ್ಲ.”

“ಬರ್ಲಿ. ನೆಲದ ಮೇಲೆ ಕೂರ್ಲಿ ಇನ್ನೊಂದು ದಿನ.”

ಸೊಪ್ಪಿನ ಡಬ್ಬಿಯನ್ನು ಮೋರಿಗೆ ಕೊಡವಿದಳು. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಆಸ್ಪತ್ರೆಯ ದಾರಿ ಹಿಡಿದಳು. ಕೀಲಿ ಹೋದ ಕಡೆಗೆ ಮೈದುನನೂ ಹೋಗಲೇಬೇಕಾಯಿತು.